ಕೊನೆಯ ಚರಣದ ಮೆಟ್ಟಿಲು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟಿರಬಹುದು. ಸ್ವರಪುಸ್ತಕದ ಅಂಚಿನ ಆ ಪೆನ್ಸಿಲ್ ಬರಹ ಕೆಂಪಿತ್ತೋ ನೀಲಿಯಿತ್ತೋ ಎಂದು ಅಂದಿನ ದಿನಚರಿಯಲ್ಲಿ ಬರೆದಿಲ್ಲ. ಬರೆಯದೆ ಬಿಟ್ಟದ್ದಕ್ಕೆಲ್ಲ ನನ್ನ ನೆನಪು ಧಾರಾಳವಾಗಿ ಬಣ್ಣ ಹಚ್ಚಿಕೊಡುತ್ತದೆ.

ಧಾರವಾಡದ ನಮ್ಮ ಚರ್ಚಿನಲ್ಲಿ ಯಾವ ಗೀತೆಯಾದರೂ ಕೊನೆಯ ಚರಣಕ್ಕೆ ಬಂದಾಗ ಪಿಯಾನೋದ ಶ್ರುತಿ ಒಂದು ಮೆಟ್ಟಿಲು ಏರುತ್ತಿತ್ತು. ಯಾವ ಗೀತೆಯಾದರೂ ಎಂದೆನೆ? ನನಗೆ ನೆನಪಿರುವವು ಅಷ್ಟೇ ಎಂದಿಟ್ಟುಕೊಳ್ಳಿ. ಏರಿಸುತ್ತಿದ್ದವರು ನಮ್ಮ ಅತ್ತಿ, ಅಪ್ಪನ ತಂಗಿ. ಆ ಕ್ಷಣಕ್ಕೆ ಬೆಂಚುಗಳೆಲ್ಲ ನಿಮಿರುತ್ತಿದ್ದವು, ಮೈ ಜುಮ್ಮೆನ್ನುತ್ತಿತ್ತು. ಅದನ್ನು ಭಕ್ತಿಯ ಉತ್ಕರ್ಷವೆಂದು ಕರೆದು, ವಿಶ್ವವಿದ್ಯಾಲಯದಲ್ಲಿ ಕಲಿತ ಭಾರದ ಪದಗಳಿಗೆ ನಾನೊಂದು ಕೆಲಸ ಕೊಟ್ಟಿದ್ದೆ. ಅವ್ವ ಮಾತ್ರ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದಳು. "ನನ್ನ ದನಿ ಹೋತವ್ವಾ" ಎನ್ನುತ್ತ ಹಿಂದಿನ ಬೆಂಚಿಗೆ ಸರಿದಳು. ಆಮೇಲೆ ಅಡುಗೆಮನೆಯಲ್ಲೂ ಹಾಡುವುದನ್ನು ಬಿಟ್ಟಳು.

ಹೋದ ತಿಂಗಳು ಅತ್ತಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಭಾನುವಾರ ನಾನು ನುಡಿಸಬೇಕಾಯಿತು. ಅವರ ಮನೆಯಿಂದ ಸ್ವರಪುಸ್ತಕ ತಂದು ಬಿಡಿಸಿದರೆ, ಅಚ್ಚಿನಲ್ಲಿ ಎಲ್ಲೂ ಏರಿಕೆಯೇ ಇಲ್ಲ! ಅಂಚಿನಲ್ಲಿ ಪೆನ್ಸಿಲಿನಿಂದ ಅತ್ತಿಯ ಕೈಬರಹ: "ಇಲ್ಲಿ ಏರಿಸಬೇಕು. ವೈನಿಗೆ ಎಟಕಂಗಿಲ್ಲ." ಅವರಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ನಮ್ಮ ಅವ್ವನೇ. ಪುಟ ಮಗುಚಿದೆ, ಅದೇ ಸಾಲು. ಇನ್ನೊಂದು ಪುಟ, ಅದೇ.

ಭಾನುವಾರ ನಾನು ಏರಿಸಲಿಲ್ಲ. ಸಭೆ ಮಾತ್ರ ರೂಢಿಯ ಬಲದಿಂದ ತಾನೇ ಏರಿತು. ಪಿಯಾನೋ ಕೆಳಗೆ, ಮಂದಿಯೆಲ್ಲ ಮೇಲೆ, ಪಾದ್ರಿಗಳು ನಡುವೆ ಎಲ್ಲೋ. ಆ ಗದ್ದಲದಲ್ಲಿ ಒಂದೇ ಒಂದು ದನಿ ನನ್ನ ಜೊತೆ ಕೆಳಗುಳಿದಿತ್ತು. ಹಿಂದಿನ ಬೆಂಚಿನಿಂದ, ದಪ್ಪಗೆ, ನಿಚ್ಚಳವಾಗಿ, ಎಲ್ಲಿಗೂ ಹೋಗಿರದ ದನಿ.

ಹೊರಗೆ ಅತ್ತಿ, ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ ಜೋತುಬಿಟ್ಟುಕೊಂಡು, ಕಾದಿದ್ದರು. "ಏನ್ ನುಡಿಸಿದಿ ನೀ? ಮಂದಿ ಒಂದು ದಿಕ್ಕು, ನೀ ಒಂದು ದಿಕ್ಕು! ಪುಸ್ತಕ ನೋಡಿಲ್ಲೇನು?"

"ನೋಡೇನ್ರಿ ಅತ್ತಿ. ಅಚ್ಚಾದದ್ದನ್ನೂ ನೋಡೇನಿ, ನೀವು ಬರದದ್ದನ್ನೂ ನೋಡೇನಿ."

ಅತ್ತಿ ಪಟ್ಟಿಯ ಗಂಟನ್ನು ಸರಿಮಾಡಿಕೊಳ್ಳತೊಡಗಿದರು. ಆಚೆ ಅವ್ವ ಚಪ್ಪಲಿ ಹುಡುಕುತ್ತ, ಅದೇ ಚರಣವನ್ನು ಗುನುಗುತ್ತಿದ್ದಳು.

ಪಟ್ಟಿಯ ಬಣ್ಣವನ್ನು ಈ ಸಲ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ನೀಲಿ. ಅದರ ಕೆಳಗೆ ಅತ್ತಿಯ ಉತ್ತರಕ್ಕೆಂದು ಎರಡು ಸಾಲು ಇನ್ನೂ ಖಾಲಿ ಇವೆ. ಅಂದು ಚರ್ಚಿನ ಹೊರಗೆ ನಾನು ಕೇಳಿದ್ದು ಇಷ್ಟೇ: "ಅತ್ತಿ, ಅವ್ವ ಹಾಡಿದ್ರ ನಿಮಗೇನು ತ್ರಾಸಾಗ್ತಿತ್ರಿ?"