ರಾಯರು ಓದಿದ ಒಂದು ವಾಕ್ಯ

ದೆವ್ವ, ಪವಾಡ ಎಂದರೆ ನನಗೆ ಮಿಮಿಕ್ರಿಗೆ ಸಿಗುವ ಇನ್ನೆರಡು ಐಟಂ, ಅಷ್ಟೇ. ನಂಬುವವರನ್ನು ಅವರದೇ ದನಿಯಲ್ಲಿ ಆಡಿಕೊಳ್ಳುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆ.

ಆಗ ಅರಬ್ ದೇಶದ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ, ಯುರೋಪಿನ ಒಂದು ಪಾಳುಬಿದ್ದ ಮಧ್ಯಯುಗದ ಬೆನೆಡಿಕ್ಟೈನ್ ಕ್ರೈಸ್ತ ಮಠವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿದ್ದೆವು. ಅದರ ಕಲ್ಲುಕಲ್ಲನ್ನೂ ಬಲ್ಲವರು ಉಡುಪಿಯ ಆರ್ಕಿಟೆಕ್ಟ್ ರಾಯರು. ನಡುವೆ ಚೌಕದ ಅಂಗಳ, ಸುತ್ತ ಕಮಾನಿನ ಜಗಲಿ, ಒಂದು ಬದಿಗೆ ಚರ್ಚು, ಎದುರು ಬದಿಗೆ ಊಟದ ಮನೆ. ಊಟದ ಹೊತ್ತಿಗೆ ಸನ್ಯಾಸಿಗಳು ತುಟಿ ಬಿಚ್ಚುವಂತಿಲ್ಲ. ಗೋಡೆಯೊಳಗೆ ಕೊರೆದ ಪೀಠ ಹತ್ತಿ ಒಬ್ಬ ಮಾತ್ರ ಗಟ್ಟಿಯಾಗಿ ಓದಬೇಕು. ರೊಟ್ಟಿ ಬೇಕಾದರೆ ಎರಡೂ ಕೈಯ ಬೆರಳು ಸೇರಿಸಿ ದುಂಡಗೆ ತೋರಿಸಬೇಕು.

“ನಿನ್ನನ್ನು ಅಲ್ಲಿ ಒಂದು ಊಟಕ್ಕೂ ಇಟ್ಕೊಳ್ತಿರ್ಲಿಲ್ಲ ಮಾರಾಯ,” ಎನ್ನುತ್ತಿದ್ದರು. ನಾನು ಅದೇ ಮಾತನ್ನು ಅವರದೇ ದನಿಯಲ್ಲಿ ಅವರಿಗೇ ತಿರುಗಿಸುತ್ತಿದ್ದೆ.

ಆಮೇಲೆ ಕ್ಯಾನ್ಸರ್ ಎಂದು ರಾಯರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕಂಪ್ಯೂಟರಿನ ಮಠ ನೋಡುವವರಿಗಾಗಿ ರೆಕಾರ್ಡ್ ಮಾಡುವ ವಿವರಣೆಯನ್ನು ಓದಬೇಕಿದ್ದವರು ಅವರೇ. ಕೆಲಸಕ್ಕೆ ಮರಳಿದ ದಿನ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಮುಂದೆ ತಳ್ಳಿದರು: ‘ನನ್ನ ದನಿಯಲ್ಲಿ ನೀನೇ ಓದು. ಅನ್ವಿ ಮರೀತಿದ್ದಾಳೆ.’ ಅನ್ವಿ ಅವರ ಆರು ವರ್ಷದ ಮಗಳು. ಮಿಮಿಕ್ರಿ ಮಾಡಲು ನನಗೆ ಹೆದರಿಕೆಯಾದದ್ದು ಅದೇ ಮೊದಲು.

ಒಂದು ಮಧ್ಯಾಹ್ನ ರೆಕಾರ್ಡಿಂಗ್. ಗಾಜಿನ ಆಚೆ ರಾಯರು ಕೂತಿದ್ದರು. ನಡುರಾತ್ರಿಯ ಪ್ರಾರ್ಥನೆಗೆಂದು ಮಲಗುವ ಮನೆಯಿಂದ ನೇರ ಚರ್ಚಿಗೆ ಇಳಿಸಿದ ಮೆಟ್ಟಿಲುಗಳ ಭಾಗಕ್ಕೆ ಬಂದಾಗ ಹಾಳೆ ತಿರುವಲು ಓದು ನಿಲ್ಲಿಸಿದೆ. ಹೆಡ್‌ಫೋನಿನಲ್ಲಿ ಮಾತ್ರ ರಾಯರ ದನಿ ನಿಲ್ಲಲಿಲ್ಲ.

“ಕೊನೆಯ ಮೆಟ್ಟಿಲು ಸವೆದಿದೆ, ನಿಧಾನ ಇಳೀರಿ.”

ತಲೆಯೆತ್ತಿದೆ. ರಾಯರ ತುಟಿ ಆಡುತ್ತಿತ್ತು. ನನ್ನ ಹಾಳೆಯಲ್ಲಿ ಆ ವಾಕ್ಯವೇ ಇರಲಿಲ್ಲ. ನಾನೇ ಅಂದಿರಬೇಕು, ಈ ಬಾಯಿಯನ್ನು ನಂಬುವಂತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಅನ್ವಿಗೆ ಕೇಳಿಸಿದೆವು. ಅವಳು ಚಿತ್ರಕ್ಕೆ ಬಣ್ಣ ತುಂಬುತ್ತ, “ದಿಸ್ ಈಸ್ ಯು, ಅಂಕಲ್. ಸ್ಟಿಲ್ ಯು,” ಎನ್ನುತ್ತಲೇ ಇದ್ದಳು. ನನ್ನ ಇಷ್ಟು ವರ್ಷದ ವಿದ್ಯೆಯ ಮಾನ ಹೋಯಿತು. ರಾಯರು ನೆಲ ನೋಡುತ್ತಿದ್ದರು. ಆಗ ಆ ಒಂದು ವಾಕ್ಯ ಬಂತು. ಅವಳ ಕೈ ನಿಂತಿತು. “ಪಪ್ಪ,” ಎಂದಳು, ರಾಯರ ಕಡೆ ತಿರುಗಿ.

ಇದಾಗಿ ವರ್ಷಗಳಾದವು. ರಾಯರ ದನಿ ನನಗೆ ಮತ್ತೆ ಬಂದಿಲ್ಲ. ಪ್ರಯತ್ನಿಸಿದರೆ ನನ್ನದೇ ದನಿ ಹೊರಡುತ್ತದೆ. ಅಂದು ಏನಾಯಿತು ಸಾರ್ ಎಂದು ಕೇಳಿದಾಗಲೆಲ್ಲ ಅವರು ಮಠದ ಸನ್ಯಾಸಿಗಳ ಹಾಗೆ ಎರಡೂ ಕೈಯ ಬೆರಳು ಸೇರಿಸಿ ದುಂಡಗೆ ತೋರಿಸುತ್ತಾರೆ. ಇಬ್ಬರೂ ಊಟಕ್ಕೆ ಏಳುತ್ತೇವೆ.