ಐದು ಗುದ್ದಿನ ಹೆಸರು

ಕಳೆದ ವರ್ಷ ಫೆಬ್ರವರಿಯ ಮಾತು. ನಾನಾಗ ಬಸವಕಲ್ಯಾಣದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಊರು ಮುಡಬಿ, ಇರುವುದು ಹಾಸ್ಟೆಲಿನಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ ಮಾತ್ರ. ನಾನು ಸೋದರತ್ತೆಯಾದ ಸುದ್ದಿ ನನಗೆ ಮುಟ್ಟಿದ್ದೂ ಅಲ್ಲೇ. ಒಂದು ಕೈಯಲ್ಲಿ ಹಿಂಡಿದ ಚೂಡಿದಾರ, ಇನ್ನೊಂದು ಕೈಯಲ್ಲಿ ಫೋನು. ಪುಣೆಯಿಂದ ಅಣ್ಣ, "ಹೆಣ್ಣು ಕೂಸು. ನಿನ್ನಂಗ ಬಾಯಿ ಬಿಟ್ಟು ಚೀರಾಕತ್ತದ" ಅಂದ. ಹಿಂಡಿದ ಚೂಡಿದಾರ ಮತ್ತೆ ಬಕೆಟ್ಟಿಗೆ ಬಿತ್ತು.

ಅಣ್ಣ ಪುಣೆಯಲ್ಲಿ ಒಂದು ಕಾರ್ಖಾನೆಯಲ್ಲಿ ಫಿಟರ್. ಅಣ್ಣನ ಹೆಂಡತಿ, ನಮ್ಮ ವೈನಿಯ ತವರುಮನೆಯೂ ಅಲ್ಲೇ. ಹಾಗಾಗಿ ಕೂಸು ನನಗೆ ಸಿಕ್ಕಿದ್ದು ಅಂಗೈ ಅಗಲದ ಪರದೆಯಲ್ಲಿ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಮೆಸ್ಸಿನ ನೀರು ಸಾಂಬಾರು, ಸಂಜೆ ಅಸೈನ್‌ಮೆಂಟು. ಇವುಗಳ ನಡುವೆ ಮಾಳಿಗೆ ಹತ್ತಿ ಅವಳ ಮುಷ್ಟಿ ನೋಡುವುದು, ಆಕಳಿಕೆ ನೋಡುವುದು. ಒಮ್ಮೆ ಇಂಟರ್ನಲ್ ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಅವಳು ಸೀನುವುದನ್ನೇ ಕಾದು ಕೂತಿದ್ದೆ. ಸೀನಲಿಲ್ಲ. ಅಂಕ ಮಾತ್ರ ಕಡಿಮೆ ಬಂತು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವವಳು ಸೋದರತ್ತೆ. ಕೂಸಿನ ಕಿವಿಗೆ ಬಾಯಿಟ್ಟು 'ಕುರ್‌ರ್' ಎಂದು ಹೆಸರು ಹೇಳಬೇಕು. ಅವಳು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಚಿಕ್ಕವಳಿದ್ದಾಗಿನಿಂದ ಕೇಳುತ್ತಲೇ ಬಂದಿದ್ದೇನೆ. ಗುದ್ದದಿದ್ದರೆ ಹೆಸರು ನಿಲ್ಲುವುದಿಲ್ಲವಂತೆ. ಇದನ್ನು ಉತ್ತರ ಎಂದು ನಾನು ಒಪ್ಪುವುದಿಲ್ಲ. ಆದರೂ ಅಣ್ಣ, ವೈನಿ ಇಬ್ಬರೂ ಹೆಸರನ್ನು ನನಗೇ ಬಿಟ್ಟುಕೊಟ್ಟಾಗ ಎದೆ ಉಬ್ಬಿದ್ದು ಸುಳ್ಳಲ್ಲ. ಹಾಸ್ಟೆಲಿನಲ್ಲಿ ಕೂತು ಕೂಸಿನ ತಲೆಗೆ ಕುಂಚಗಿ ಹೊಲಿದೆ. ಹೊಲಿಗೆ ಸೊಟ್ಟಾಯಿತು. ಅಂಚಿಗೆ ಜರಿ ಹಚ್ಚಿ ಮಾನ ಉಳಿಸಿದವಳು ನಸ್ರೀನ್, ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿ.

ತೊಡಕಾದದ್ದು ದಿನದ ವಿಷಯದಲ್ಲಿ. ತೊಟ್ಟಿಲ ಕಾರ್ಯ ನಿಗದಿಯಾದ ದಿನವೇ ಹುಮನಾಬಾದಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ. ತಂಡಕ್ಕೆ ಇಬ್ಬರು. ನಾನು ಹೋಗದಿದ್ದರೆ ನಸ್ರೀನಳೂ ಹೊರಗೆ. ಅವಳು ಮನೆಯಲ್ಲಿ ಎಷ್ಟು ಮಾತಾಡಿ ಒಪ್ಪಿಗೆ ತಂದಿದ್ದಳು ಎಂದು ನನಗೆ ಗೊತ್ತಿತ್ತು. ಕೈಬಿಡುವ ಮಾತೇ ಇರಲಿಲ್ಲ. ಅಪ್ಪ, ಅವ್ವ ಕುಂಚಗಿ ತೆಗೆದುಕೊಂಡು ಪುಣೆಗೆ ಹೊರಟರು. ನಾನು ಉಳಿದೆ.

ಫೋನಿನಲ್ಲಿ ಹೆಸರಿಡು ಎಂದವಳು ನಸ್ರೀನಳೇ. ಅವರಲ್ಲಿ ಕೂಸು ಹುಟ್ಟಿದ ಕೂಡಲೇ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ಅವಳ ತಮ್ಮ ಹುಟ್ಟಿದಾಗ ಅವಳ ಅಬ್ಬಾ ಸೌದಿಯಲ್ಲಿದ್ದರು, ಅಲ್ಲಿಂದಲೇ ಫೋನಿನಲ್ಲಿ ಹೇಳಿದ್ದರಂತೆ. ನನಗೆ ಬೇಕಾದದ್ದು ಇಂಥದೇ ಒಂದು ನಿದರ್ಶನ. ಅಣ್ಣ, ವೈನಿ ತಕ್ಷಣ ಹೂಂ ಅಂದರು. ಒಪ್ಪಬೇಕಾದವರು ಆಯಿ.

ಆಯಿ ಅಂದರೆ ವೈನಿಯ ಅಜ್ಜಿ. ಆ ಮನೆಯಲ್ಲಿ ಅವರ ಮಾತೇ ಕೊನೆಯ ತೀರ್ಪು. ನನಗೂ ಅವರಿಗೂ ಹಳೆಯ ಪರಿಚಯವಿದೆ. ಅಣ್ಣನ ಮದುವೆಯಲ್ಲಿ ನನ್ನ ಸೋದರತ್ತೆ, ಅಂದರೆ ನನಗೆ ಹೆಸರಿಟ್ಟವಳು, ಗಂಡನಿಲ್ಲದವಳು ಎಂಬ ಕಾರಣಕ್ಕೆ ಅರಿಶಿಣ ಹಚ್ಚಲು ಬಾರದೆ ಹಿಂದೆ ಸರಿದು ನಿಂತಿದ್ದಳು. ನಾನು ಅರಿಶಿಣದ ಬಟ್ಟಲು ಹಿಡಿದುಕೊಂಡು ಇಡೀ ಹಂದರದೊಂದಿಗೆ ವಾದಕ್ಕಿಳಿದೆ. ಆ ವಾದದಲ್ಲಿ ಸೋತೆ, ಅತ್ತೆ ತಾನೇ ಒಳಗೆ ಹೋಗಿಬಿಟ್ಟಳು. ನಾನು ಬಟ್ಟಲು ಕೆಳಗಿಟ್ಟೆ. ಆಯಿಯೂ ಗಂಡ ತೀರಿಕೊಂಡವರೇ. ಆ ದಿನ ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು, ಯಾರ ಕಡೆಗೂ ಒಂದು ಮಾತಾಡಲಿಲ್ಲ.

ನಾನು ಟಾಕಿಯ ಪಕ್ಕ ನಿಂತು ಆಯಿಗೆ ಫೋನು ಮಾಡಿದೆ. ಸೋದರತ್ತೆಯ ಉಸಿರು ಕೂಸಿನ ಕಿವಿಗೆ ತಾಗಬೇಕು ಎಂದರು. ಅವರ ಹೊಸ ಮನೆಯ ವಾಸ್ತುಪೂಜೆಗೆ ಸ್ವಾಮಿಗಳ ಆಶೀರ್ವಾದ ಮೊಬೈಲಿನಲ್ಲೇ ಬಂದಿತ್ತಲ್ಲ ಎಂದೆ. ಅದು ಬೇರೆ ಎಂದರು. ಹೇಗೆ ಬೇರೆ ಎಂದು ಕೇಳಿದೆ. ಅಲ್ಲಿಗೆ ಅವರು ದಿಕ್ಕು ಬದಲಿಸಿದರು.

"ಲಗ್ನದಾಗ ಶಾಸ್ತ್ರ ಎಲ್ಲಾ ಸುಳ್ಳ ಅಂತ ಭಾಷಣ ಮಾಡಿದಾಕಿ ನೀನ ಅಲ್ಲೇನ? ಈಗ ಅದರಾಗ ಪಾಲು ಕೇಳಾಕತ್ತಿ."

"ಶಾಸ್ತ್ರ ನಂಬಂಗಿಲ್ಲ ಅಂದೇನ್ರಿ ಆಯಿ. ಹಕ್ಕು ಬಿಡತೀನಿ ಅಂದಿಲ್ಲ."

ಆ ಕಡೆ ನಕ್ಕ ಸದ್ದು. "ಹಂಗಾದ್ರ ಕೇಳು. ಐದು ಮಂದಿ ಮುತ್ತೈದೇರು ನಿನ್ನ ಬೆನ್ನಿಗೆ ಗುದ್ದಬೇಕು. ಗುದ್ದಿದ ಸಪ್ಪಳ ಇಲ್ಲಿ ನನ್ನ ಕಿವಿಗೆ ಬೀಳಬೇಕು. ಬೀಳಲಿಲ್ಲಂದ್ರ ಸುಮಾ ಹೆಸರಿಡತಾಳ."

ಸುಮಕ್ಕ ನನ್ನ ದೊಡ್ಡಪ್ಪನ ಮಗಳು, ಪುಣೆಯಲ್ಲೇ ಇದ್ದಾಳೆ. ಸಂಬಂಧದಲ್ಲಿ ಅವಳೂ ಸೋದರತ್ತೆಯೇ, ಒಳ್ಳೆಯವಳು ಕೂಡ. ಆದರೆ ಅವಳು ದಿನಾ ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ನೀರೆರೆಯುತ್ತಿದ್ದಳು. ನಾನು ಇನ್ನೂ ಮುಟ್ಟಿರಲಿಲ್ಲ. ಹೆಸರೂ ನನ್ನ ಬಾಯಿಂದ ಬರದಿದ್ದರೆ ಆ ಕೂಸಿಗೆ ನಾನು ಪರದೆಯ ಮೇಲೆ ಹಲ್ಲು ಕಿರಿಯುವ ಒಂದು ಮುಖ, ಅಷ್ಟೇ. ಆಯಿಯ ಷರತ್ತಿನಲ್ಲಿ 'ಐದು' ಎಂಬುದಕ್ಕೆ ಮಾತ್ರ ಹೂಂ ಎಂದೆ. 'ಮುತ್ತೈದೆ' ಎಂಬ ಮಾತಿಗೆ ಉತ್ತರ ಕೊಡದೆ ಫೋನಿಟ್ಟೆ. ಚರ್ಚೆಯಲ್ಲಿ ಇದನ್ನು ನಮ್ಮ ಮೇಷ್ಟ್ರೇ ಕಲಿಸಿದ್ದು.

ಹಾಸ್ಟೆಲಿನ ಹುಡುಗಿಯರು ಗುದ್ದಲು ತುದಿಗಾಲಲ್ಲಿ ನಿಂತಿದ್ದರು. ಅಡುಗೆಯ ಅಕ್ಕನೂ ಬರುತ್ತೇನೆಂದಿದ್ದಳು. ಸ್ಪರ್ಧೆ ಮುಗಿಸಿ ಹುಮನಾಬಾದಿನಿಂದ ಬಂದರೆ ಸಾಕು, ಮಾಳಿಗೆಯ ಮೇಲೆ ಎಲ್ಲಾ ತಯಾರು.

ಸ್ಪರ್ಧೆಯ ವಿಷಯ, 'ಮೊಬೈಲ್ ಮನುಷ್ಯ ಸಂಬಂಧಗಳನ್ನು ಸಡಿಲಗೊಳಿಸಿದೆ'. ನಮಗೆ ಬಂದದ್ದು ಪರ ವಹಿಸುವ ಪಾಳಿ. ಪರವಾಗಿಯೇ ಗುಡುಗಿದೆವು, ಎರಡನೇ ಬಹುಮಾನ ಬಂತು. ಆ ತೀರ್ಪಿನ ಮೇಲೆ ನನಗೆ ಈಗಲೂ ತಕರಾರಿದೆ. ಗಾಜು ಹಾಕಿದ ದೊಡ್ಡ ಸ್ಮರಣಿಕೆಯನ್ನು ಎದೆಗವಚಿಕೊಂಡು ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಓಡಿ ಕಲ್ಯಾಣದ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಗಂಡಸರನ್ನು ಹುಡುಕಬೇಕು. ಹಸಿ ಕಡಲೆ ಗಿಡದ ಕಟ್ಟು, ಚೀಲ, ಕೂಸು, ಮಾತು, ಎಲ್ಲಾ ತುಂಬಿತ್ತು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಸರಿದು ನಮ್ಮಿಬ್ಬರಿಗೂ ಜಾಗ ಕೊಟ್ಟು, ಸ್ಮರಣಿಕೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಬಸ್ಸು ಇನ್ನೂ ಹೊರಟಿರಲಿಲ್ಲ, ಅಣ್ಣನ ಫೋನು. ಮಂತ್ರ ಹೇಳುವವರಿಗೆ ಇನ್ನೊಂದು ಮನೆಯ ಕಾರ್ಯವಿದೆಯಂತೆ, ಅವಸರ ಮಾಡುತ್ತಿದ್ದಾರಂತೆ. ಕೂಸು ತೊಟ್ಟಿಲಲ್ಲಿದೆ, ಸುಮಕ್ಕ ಪಕ್ಕದಲ್ಲೇ ನಿಂತಿದ್ದಾಳೆ. ಈಗಲೇ ಇಡುವುದಾದರೆ ಇಡು ಎಂದ. ಹಿಂದಿನಿಂದ ಆಯಿಯ ದನಿ, ಐದು ಮಂದಿ ಅದಾರೇನು ಕೇಳು ಅಂತ.

ಹಾಸ್ಟೆಲು ಇನ್ನೂ ದೂರ. ಬಸ್ಸು ಹೊರಟು ಊರು ದಾಟಿದರೆ ನೆಟ್‌ವರ್ಕ್ ಹೇಳಲಾಗದು. ನಾನು ಎದ್ದು ನಿಂತೆ. "ಮಾನ್ಯರೇ" ಎಂದು ಶುರುಮಾಡಿದೆ, ಬೆಳಗಿನ ಚಾಳಿ ಬಾಯಲ್ಲಿತ್ತು. ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಸೀಟಿನ ಹೆಂಗಸು ಮಾತ್ರ ನನ್ನ ಕೈಯಲ್ಲಿದ್ದ ಫೋನು ನೋಡಿ, "ಏನ್ ಮಾರಾಕತ್ತೀದಿ ತಂಗಿ?" ಅಂದಳು. ಅಷ್ಟು ಜನರ ಮುಂದೆ ನಾನು ಮತ್ತೆ "ಮಾನ್ಯರೇ" ಎಂದೇ ತೊದಲಿದೆ. ವೇದಿಕೆಯ ಮೇಲೆ ಎಂದೂ ಹಾಗಾಗಿಲ್ಲ. ನಸ್ರೀನ್ ಹಿಂದಿನಿಂದ ಚಿವುಟಿ, "ಭಾಷಣ ಬ್ಯಾಡ, ಸೀದಾ ಹೇಳ" ಎಂದಳು.

"ನಾ ಸೋದರತ್ತಿ ಆಗೀನ್ರಿ. ಕೂಸು ಪುಣಾದಾಗ ತೊಟ್ಟಿಲದಾಗ ಅದ. ಫೋನಿನ್ಯಾಗ ಹೆಸರಿಡಬೇಕು. ನನ್ನ ಬೆನ್ನಿಗೆ ಗುದ್ದಾಕ ಐದು ಮಂದಿ ಬೇಕ್ರಿ."

ಬಸ್ಸಿನಲ್ಲಿ ಎದ್ದ ನಗೆಗೆ ಡ್ರೈವರ್ ಹಿಂದಕ್ಕೆ ತಿರುಗಿದ. ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಅಕ್ಕ ಸೀಟಿಯನ್ನು ಬಾಯಿಂದ ತೆಗೆದಳು. ಹೆಸರಿಡುವ ತನಕ ಬಸ್ಸು ಬಿಡುವುದಿಲ್ಲ ಎಂದು ಡ್ರೈವರನಿಗೆ ಕೂಗಿ ಹೇಳಿ ತೋಳು ಮೇಲಕ್ಕೇರಿಸಿದಳು.

ಸ್ಪೀಕರ್ ಹಾಕಿದೆ. ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದಿದ್ದೇನೆ ಎಂದಳು ವೈನಿ. ನಾನು ಸೀಟಿನ ಹಿಡಿಕೆ ಹಿಡಿದು ಬಗ್ಗಿ, "ಕುರ್‌ರ್" ಎಂದು ಹೆಸರು ಹೇಳಿದೆ. ಮೊದಲ ಗುದ್ದು ನಸ್ರೀನಳದು. "ಮೂರು ವರ್ಷದಿಂದ ಕಾಯಾಕತ್ತಿದ್ದೆ" ಎಂದಳು, ಸುಳ್ಳಲ್ಲ ಎಂದು ಬೆನ್ನು ಹೇಳಿತು. ಎರಡನೆಯದು ಕಂಡಕ್ಟರ್ ಅಕ್ಕನದು. ಮೂರನೆಯದು, ಏನು ಮಾರುತ್ತಿದ್ದೀ ಎಂದು ಕೇಳಿದವಳದು. ನಾಲ್ಕನೆಯದಕ್ಕೆ ಮೋರಖಂಡಿಯ ಒಬ್ಬಳು ಕಡಲೆಯ ಕಟ್ಟು ಕೆಳಗಿಟ್ಟು ಬಂದಳು. ಆ ಕಡೆಯಿಂದ ಆಯಿ ಎಣಿಸುತ್ತಿದ್ದರು. "ನಾಕು ಆದವು. ಐದನೇದು ಯಾರ?"

ನನ್ನ ಪಕ್ಕದಲ್ಲೇ ಇದ್ದವಳು ಸ್ಮರಣಿಕೆ ಹಿಡಿದ ಅಜ್ಜಿ. ಎಲ್ಲರೂ ಮೇಲೆ ಬಿದ್ದು ಬರುತ್ತಿದ್ದರೆ ಅವಳೊಬ್ಬಳೇ ಕೈ ಮಡಿಚಿ ಕೂತಿದ್ದಳು. ಹಣೆ ಬರಿದಾಗಿತ್ತು. ನೀವು ಗುದ್ದಿರಿ ಎಂದೆ. ಅವಳು ಕಿಟಕಿಯ ಕಡೆಗೆ ಸರಿದಳು.

"ನಾ ಗಂಡ ಸತ್ತಾಕಿ ಯವ್ವಾ. ಶುಭದ ಕೆಲಸಕ್ಕ ನನ್ನ ಕೈ ಯಾಕ? ಬ್ಯಾರೆದವ್ರನ್ನ ಕರಿ."

ಸ್ಪೀಕರ್ ಹಾಕಿದ್ದೆನಲ್ಲ, ಇದು ಪುಣೆಗೂ ಕೇಳಿತು. ಹಿಂದಿನ ಸೀಟಿನಿಂದ ಬೇರೆ ಕೈಗಳು ಚಾಚುತ್ತಿದ್ದವು. ಅವುಗಳಲ್ಲಿ ಒಂದು ತಾಗಿದರೆ ಕೆಲಸ ಮುಗಿಯುತ್ತಿತ್ತು, ಎಣಿಕೆಯೂ ಪೂರ್ತಿಯಾಗುತ್ತಿತ್ತು. ನಾನು ಬೆನ್ನನ್ನು ಅಜ್ಜಿಯ ಕಡೆಗೇ ತಿರುಗಿಸಿ ನಿಂತೆ. ಆಯಿ ಏನು ಹೇಳುತ್ತಾರೆ, ಅದಕ್ಕೆ ಯಾವ ಉತ್ತರ ಕೊಡಬೇಕು ಎಂದು ಮದುವೆಯ ದಿನದಿಂದ ಹದಮಾಡಿಟ್ಟಿದ್ದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವು. ಹೆಸರು ಹೋದರೂ ಹೋಗಲಿ, ಈ ಸಲ ಬಟ್ಟಲು ಕೆಳಗಿಡುವುದಿಲ್ಲ ಎಂದುಕೊಂಡೆ.

ಫೋನಿನಲ್ಲಿ ಆಯಿ ಕೆಮ್ಮಿದರು. ಆಮೇಲೆ, "ಆಕೀನ ಗುದ್ದಲಿ" ಎಂದರು. "ನಾ ಹೇಳೀನಿ ಅಂತ ಹೇಳು. ಗಟ್ಟಿಗಿ ಗುದ್ದಲಿ, ನನಗ ಕೇಳಬೇಕು."

ನನ್ನ ವಾದ ಬಾಯಲ್ಲೇ ಉಳಿಯಿತು. ಅಜ್ಜಿ ಸ್ಮರಣಿಕೆಯನ್ನು ನಸ್ರೀನಳ ಕೈಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು ಎದ್ದಳು. ಮೊದಲು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. ನಾನು ಫೋನಿಗೆ ಬಾಯಿ ಹಚ್ಚಿ ಮತ್ತೊಮ್ಮೆ "ಕುರ್‌ರ್" ಎಂದು ಹೆಸರು ಕೂಗಿದೆ. ಆಗ ಬಿತ್ತು ನೋಡಿ ಗುದ್ದು. ಹೊಲದಲ್ಲಿ ದುಡಿದ ಕೈ. ಉಸಿರೇ ನಿಂತಿತು ಎನ್ನಿಸಿತು.

ಅದಾದ ಮೇಲೆ ಯಾರು ಎಷ್ಟು ಗುದ್ದಿದರೋ ಗೊತ್ತಿಲ್ಲ. ಹಿಂದಿನ ಸೀಟಿನವರು ನಮ್ಮ ಪಾಳಿ ಎಂದು ಜಗಳ ತೆಗೆದರು. ಒಬ್ಬಳು ಮರಾಠಿಯಲ್ಲಿ ತೊಟ್ಟಿಲ ಹಾಡು ಶುರುಮಾಡಿದಳು. "ಸಾಕು ಬಿಡ್ರೆವ್ವಾ, ಪೋರಿ ಬೆನ್ನು ಮುರದೀತು" ಎಂದು ಆಯಿ ಪುಣೆಯಿಂದಲೇ ಬಿಡಿಸಲು ಬಂದರು. ಆಮೇಲೆ, ಗದ್ದಲದಲ್ಲಿ ಹೆಸರೇ ಕೇಳಲಿಲ್ಲ, ಏನು ಹೆಸರಿಟ್ಟೆ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇಡೀ ಬಸ್ಸು ಕೂಗಿತು. "ಮುಕ್ತಾ!"

ಕನ್ನಡದ ಬಾಯಿಗೂ ಮರಾಠಿಯ ಬಾಯಿಗೂ ಸಲೀಸಾಗಿ ಹೊರಳುವ ಹೆಸರು ಎಂದು ಆರಿಸಿದ್ದೆ. ಅಷ್ಟೊಂದು ಬಾಯಿಗಳು ಒಟ್ಟಿಗೆ ಹೇಳುತ್ತವೆ ಎಂದು ಎಣಿಸಿರಲಿಲ್ಲ. ಆ ಕಡೆ ಕೂಸು ಕಿಟಾರನೆ ಚೀರಿತು. ಹೆಸರು ಮುಟ್ಟಿತು ಎಂದರು ಎಲ್ಲರೂ. ಸದ್ದಿಗೆ ಬೆದರಿತು ಎಂದು ನನ್ನ ಅಂದಾಜು. ಆದರೆ ಅಂದು ನಾನು ಯಾರನ್ನೂ ತಿದ್ದಲಿಲ್ಲ. ಕಂಡಕ್ಟರ್ ಅಕ್ಕ ಸೀಟಿ ಊದಿದಳು, ಬಸ್ಸು ಹೊರಟಿತು. ಮೊಬೈಲ್ ಸಂಬಂಧಗಳನ್ನು ಸಡಿಲಗೊಳಿಸಿದೆ ಎಂದು ಬೆಳಿಗ್ಗೆ ಹೇಳಿದವಳು ಯಾರು ಎಂದು ನಸ್ರೀನ್ ಕಲ್ಯಾಣ ಮುಟ್ಟುವವರೆಗೂ ಕೇಳುತ್ತಿದ್ದಳು. ಅಜ್ಜಿ ರಾಜೇಶ್ವರದಲ್ಲಿ ಇಳಿದಳು. ಇಳಿಯುವಾಗ, "ನಿಮ್ಮ ಆಯಿಗೆ ಶರಣು ಹೇಳವ್ವಾ" ಎಂದಳು. ಅವಳ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಮೇ ತಿಂಗಳಲ್ಲಿ ನನ್ನ ಪರೀಕ್ಷೆ ಮುಗಿದ ಮೇಲೆ ಅಣ್ಣ, ವೈನಿ ಕೂಸನ್ನು ಕರೆದುಕೊಂಡು ಬಂದರು, ಜೊತೆಗೆ ಆಯಿ. ಅವರನ್ನು ಇದಿರುಗೊಳ್ಳಲು ನಾನು ಅದೇ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಾದು ನಿಂತಿದ್ದೆ. ಮೊದಲು ಇಳಿದವರು ಆಯಿ. ಅವರ ತೋಳಿನಲ್ಲೇ ಕೂಸು, ತಲೆಯ ಮೇಲೆ ನನ್ನ ಸೊಟ್ಟ ಹೊಲಿಗೆಯ ಕುಂಚಗಿ. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಕೂಸನ್ನು ವೈನಿಯ ಕೈಗೆ ದಾಟಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಕ್ಕೆ ತಿರುಗು ಎಂದರು. ತಿರುಗಿದೆ. ಬೆನ್ನಿಗೆ ಒಂದು ಗುದ್ದು ಬಿತ್ತು.

"ನಂದೊಂದು ಉಳದಿತ್ತು" ಎಂದರು ಆಯಿ. ಆಮೇಲೆ ಮುಕ್ತಾಳನ್ನು ತಂದು ನನ್ನ ತೋಳಿಗಿಟ್ಟರು.

ಗುದ್ದಿದರೆ ಹೆಸರು ನಿಲ್ಲುತ್ತದೆ ಎಂದು ನಾನು ಈಗಲೂ ನಂಬುವುದಿಲ್ಲ, ಅದಕ್ಕೆ ಪುರಾವೆಯಿಲ್ಲ. ಆದರೆ ಹಂದರದಲ್ಲಿ ಬಟ್ಟಲು ಹಿಡಿದು ಕೂಗಾಡಿದಾಗ ಆಗದ ಕೆಲಸ, ಬೆನ್ನು ಕೊಟ್ಟು ನಿಂತಾಗ ಆಯಿತು. ಇದನ್ನು ಯಾವ ಸ್ಪರ್ಧೆಯಲ್ಲೂ ನನಗೆ ಯಾರೂ ಕಲಿಸಿರಲಿಲ್ಲ. ಮುಕ್ತಾ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಫೋನಿನಲ್ಲಿ ನಾನು ಹೆಸರು ಕರೆದರೆ ನಡಿಗೆ ನಿಲ್ಲಿಸಿ ತಿರುಗಿ ನೋಡುತ್ತಾಳೆ. ಎಲ್ಲಾ ಮಕ್ಕಳೂ ನೋಡುತ್ತವೆ, ಅದರಲ್ಲಿ ನಿನ್ನದೇನು ಹೆಚ್ಚು ಎಂದು ನೀವು ವಾದಿಸಬಹುದು. ವಾದಿಸಿ. ನನ್ನ ಕಡೆ ಒಂದು ಬಸ್ಸಿನ ತುಂಬ ಸಾಕ್ಷಿಗಳಿದ್ದಾರೆ.