ನನ್ನ ಕೈ ನಿಂತರೂ ನಿಲ್ಲದ ಬೇಸ್

ಮಧ್ಯಾಹ್ನದ ಕಾರ್ಯಕ್ರಮವಿದ್ದರೆ ಬೆಳಗಿನ ಕಾಫಿ ಮುಗಿದ ಕೂಡಲೇ ನಾನು ಜೆಪ್ಪುವಿನ ಮನೆಯಿಂದ ಹೊರಡುತ್ತೇನೆ. ಬ್ಯಾಂಡಿನ ಉಳಿದವರು ನಗುತ್ತಾರೆ. ನಗಲಿ. ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸಿ ಬೆಳೆದವನು ನಾನು. ಆಮೇಲೆ ನಿವೃತ್ತಿಯಾಗುವವರೆಗೆ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದೆ. ನಾನು ನುಡಿಸುವುದು ಬೇಸ್ ಗಿಟಾರ್, ತಗ್ಗು ಸ್ವರಗಳದ್ದು. ಆಂಪ್ಲಿಫೈಯರನ್ನು ಸಮ ನೆಲದ ಮೇಲೆ ಇಡಬೇಕು, ವೇದಿಕೆಯ ಹಲಗೆ ಅದರ ಜೊತೆ ನಡುಗುತ್ತದೆಯೇ ಎಂದು ನೋಡಬೇಕು, ಎಸಿ ಹಾಕಿದ ಮೇಲೆ ತಂತಿಗಳನ್ನು ಮತ್ತೊಮ್ಮೆ ಶ್ರುತಿ ಮಾಡಬೇಕು. ಓಡೋಡಿ ಬಂದು ಪ್ಲಗ್ ಚುಚ್ಚಿ ನುಡಿಸುವವರು ನುಡಿಸಲಿ, ನನ್ನಿಂದಾಗದು.

ಆ ಭಾನುವಾರ ಬಿಜೈಯ ಒಂದು ಹಾಲಿನಲ್ಲಿ ಯಾರದೋ ಮದುವೆಯ ಬೆಳ್ಳಿಹಬ್ಬದ ಊಟ. ಬ್ಯಾಂಡಿನಲ್ಲಿ ನಾವು ನಾಲ್ವರು. ಕೀಬೋರ್ಡ್ ನುಡಿಸುವವನೇ ಯಜಮಾನ. ಹೋಟೆಲ್ ನಡೆಸುವ ಮನೆತನದವನು, ನನ್ನ ಮಗನ ವಯಸ್ಸಿನವನು, ಮಾತಿನಲ್ಲಿ ಬಹಳ ಮರ್ಯಾದೆ. ಹಾಡಲಿಕ್ಕೆ ಒಬ್ಬಳು ಟೀಚರ್. ಡ್ರಮ್ಸಿಗೆ ನನ್ನ ಗೆಳೆಯ. ನಾವಿಬ್ಬರೂ ಮೀಸೆ ಚಿಗುರುವ ಮೊದಲೇ ಒಟ್ಟಿಗೆ ನುಡಿಸಲು ಆರಂಭಿಸಿದವರು. ಎಷ್ಟೋ ಬ್ಯಾಂಡುಗಳು ಹುಟ್ಟಿ ಮುಚ್ಚಿಹೋದವು, ನಾವಿಬ್ಬರು ಮಾತ್ರ ಜೊತೆ ಬಿಡಲಿಲ್ಲ. ನಾನು ನೋಟ್ಸ್ ನೋಡುವುದಿಲ್ಲ, ಜನರನ್ನೂ ನೋಡುವುದಿಲ್ಲ. ಅವನ ಬಲಗಾಲನ್ನು ನೋಡುತ್ತೇನೆ. ಆ ಕಾಲು ದೊಡ್ಡ ಡ್ರಮ್ಮಿನ ಪೆಡಲನ್ನು ಒತ್ತುವ ಕ್ಷಣಕ್ಕೇ ನನ್ನ ಬೆರಳು ತಂತಿ ಬಿಡಬೇಕು. ಎರಡು ಸದ್ದು ಒಂದೇ ಆಗಿ ಕೇಳಬೇಕು.

ನನ್ನ ಗಿಟಾರಿಗೆ ನಾಲ್ಕೇ ತಂತಿ, ನಯವಾದ ಚಪ್ಪಟೆ ಸುತ್ತಿನವು. ಹುರಿ ಹುರಿಯಾದ ಹೊಸ ತಂತಿಗಳಂತೆ ಅವು ಕಿರುಚುವುದಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಹತ್ತಿರ, ಅವುಗಳ ಕೆಳಗೆ, ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡು ಸಿಕ್ಕಿಸಿದ್ದೇನೆ. ಟೋನಿನ ಗುಂಡಿ ಅರ್ಧಕ್ಕಿಂತ ಕೆಳಗೆ. ಇದರಿಂದ ಸ್ವರ ಗುಂಡಗೆ ಹುಟ್ಟಿ ಬೇಗ ಸಾಯುತ್ತದೆ. ಬೇಸ್ ಎಂದರೆ ಬರೀ ಗುಡುಗುಡು ಎಂದು ತಿಳಿದವರಿಗೆ ಹೇಳುತ್ತೇನೆ: ಅದರ ಅರ್ಧ ಕೆಲಸ ಸ್ವರವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಬೈಲಾ ಹಾಡಿಗೆ ಜನ ಕುಣಿಯುವಾಗ ಅವರ ಕಾಲು ಮೇಲೇಳುವುದು ಸ್ವರ ನಿಂತ ಆ ಖಾಲಿ ಜಾಗದಲ್ಲಿ. ಇದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು.

ಯಜಮಾನ ಒಂದೆರಡು ವರ್ಷಗಳಿಂದ ಲ್ಯಾಪ್‌ಟಾಪ್ ತರುತ್ತಿದ್ದ. ಅದರಲ್ಲಿ ಟ್ರ್ಯಾಕ್, ಅಂದರೆ ಮೊದಲೇ ಧ್ವನಿಮುದ್ರಿಸಿಟ್ಟ ಪಕ್ಕವಾದ್ಯ. ನಮ್ಮಲ್ಲಿ ಟ್ರಂಪೆಟ್ ಇಲ್ಲ, ಪಿಟೀಲಿಲ್ಲ, ಅವು ಮಾತ್ರ ಅದರಲ್ಲಿ ಬರುತ್ತವೆ ಎಂದಿದ್ದ. ನಾನು ನಂಬಿದೆ. ಟ್ರ್ಯಾಕಿನ ಜೊತೆ ಹೆಜ್ಜೆ ತಪ್ಪದಿರಲೆಂದು ಗೆಳೆಯ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟಿಕ್ ಟಿಕ್ ಕೇಳುತ್ತಾ ಬಾರಿಸುತ್ತಿದ್ದ. ನನಗೆ ಅದು ಬೇಕಾಗಿರಲಿಲ್ಲ, ನನಗೆ ಅವನ ಕಾಲು ಸಾಕಿತ್ತು.

ಊಟಕ್ಕೆ ಮೊದಲಿನ ಕುಣಿತ. ಹಾಲಿನ ನಡುವೆ ಕುರ್ಚಿ ಸರಿಸಿ ಜಾಗ ಮಾಡಿದ್ದರು. ಹಾಡು ಏರಿದ ಹೊತ್ತಿಗೆ ನನ್ನ ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಫ್ಯೂಸ್ ಹೋಗಿತ್ತು. ಸೌಂಡಿನವರ ಮಿಕ್ಸರಿಗೆ ನನ್ನ ತಂತಿಗಳ ಸದ್ದು ಹೋಗುವುದೂ ಅದೇ ಆಂಪ್ಲಿಫೈಯರಿನ ಮೂಲಕ, ಆದ್ದರಿಂದ ಬೇಸ್ ಪೂರ್ತಿ ನಿಲ್ಲಬೇಕಿತ್ತು. ನನ್ನ ಕೈ ನಿಂತಿತು. ಬೇಸ್ ನಿಲ್ಲಲಿಲ್ಲ.

ಎರಡೂ ಬದಿಯ ದೊಡ್ಡ ಸ್ಪೀಕರುಗಳಿಂದ ಅದು ಬರುತ್ತಲೇ ಇತ್ತು. ನನ್ನ ಆಂಪ್ಲಿಫೈಯರ್ ಬೆನ್ನಿಗೇ ಇರುತ್ತಿದ್ದುದರಿಂದ ಇಷ್ಟು ದಿನ ನನಗೆ ಕೇಳುತ್ತಿದ್ದುದು ನನ್ನದೇ ಬೇಸ್. ಉಬ್ಬಿದ, ಎಲ್ಲಿಯೂ ಉಸಿರು ತೆಗೆದುಕೊಳ್ಳದ, ಒಂದು ಸ್ವರದ ಬಾಲವನ್ನು ಇನ್ನೊಂದಕ್ಕೆ ಕಟ್ಟಿ ಎಳೆಯುವ ಬೇಸ್. ನಾನು ಎರಡೂ ಕೈಗಳನ್ನು ಗಿಟಾರಿನಿಂದ ತೆಗೆದು ಕೆಳಗೆ ಬಿಟ್ಟು ನಿಂತೆ. ಯಾರೂ ಗಮನಿಸಲಿಲ್ಲ. ಕುಣಿಯುತ್ತಿದ್ದ ಒಬ್ಬ ನನ್ನ ಕಡೆ ಹೆಬ್ಬೆರಳು ಎತ್ತಿ ಮೆಚ್ಚುಗೆ ತೋರಿಸಿದ.

ಆಗ ಬಂದ ಸಿಟ್ಟು ಇದನ್ನು ಬರೆಯುವಾಗಲೂ ಪೂರ್ತಿ ಇಳಿದಿಲ್ಲ. ಈ ಒಂದೆರಡು ವರ್ಷಗಳಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಎಷ್ಟೋ ಮಂದಿ ಬಂದು ಬೇಸ್ ಚೆನ್ನಾಗಿತ್ತು ಎಂದು ಕೈ ಕುಲುಕಿದ್ದರು. ನಾನು ಪ್ರತಿಯೊಬ್ಬರಿಗೂ ತಲೆ ಬಾಗಿಸಿ ಧನ್ಯವಾದ ಹೇಳಿದ್ದೆ, ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದೆ. ಆ ಮೆಚ್ಚುಗೆಯಲ್ಲಿ ನನ್ನದು ಎಷ್ಟಿತ್ತು?

ಊಟಕ್ಕೆ ಬಿಡುವು ಕೊಟ್ಟಾಗ ನೇರ ಸೌಂಡಿನವನ ಬಳಿ ಹೋದೆ. ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟಿರುವ ಬ್ಯಾರಿ ಹುಡುಗ. ಅವನ ತಂದೆ ಗಲ್ಫಿನಿಂದ ತಂದ ಸ್ಪೀಕರುಗಳಲ್ಲಿ ನಾವು ಹಿಂದೆ ನುಡಿಸಿದ್ದೆವು. ನನ್ನ ಮುಖ ನೋಡಿ ಅವನು ತಟ್ಟೆ ಕೆಳಗಿಟ್ಟ.

"ಮಿಕ್ಸರಿನಲ್ಲಿ ನಿಮ್ಮ ಲೈನ್ ನಾನು ಯಾವಾಗ್ಲೂ ಇಳಿಸಿಯೇ ಇಡುದು ಅಂಕಲ್. ಕೀಬೋರ್ಡಿನವರು ಹಾಗೆ ಹೇಳಿದ್ದು. ನಿಮಗೆ ಗೊತ್ತುಂಟು ಅಂತ ಎಣಿಸಿದೆ."

ಹೊಸ ಫ್ಯೂಸನ್ನು ಅವನೇ ಹುಡುಕಿ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಯಜಮಾನ ವೇದಿಕೆಯ ಹಿಂದೆ ಫೋನಿನಲ್ಲಿದ್ದ. ಫೋನ್ ಇಡುವವರೆಗೆ ಕಾದು ಕೇಳಿದೆ. ಅವನಿಗೆ ನಾಚಿಕೆಯೂ ಆಗಲಿಲ್ಲ, ಸುಳ್ಳೂ ಹೇಳಲಿಲ್ಲ. ಈಗಿನವರ ಕಿವಿಗೆ ಟ್ರ್ಯಾಕಿನ ಬೇಸೇ ಅಭ್ಯಾಸವಾಗಿದೆಯಂತೆ, ಎರಡು ಬೇಸ್ ಒಟ್ಟಿಗೆ ಬಂದರೆ ಗದ್ದಲವಂತೆ, ಇದೆಲ್ಲ ಸೇಫ್ಟಿಗಂತೆ.

"ಹಾಗಾದ್ರೆ ನಾನು ಎಂತಕ್ಕೆ?" ಎಂದೆ.

"ನೀವು ನಿಂತ್ರೆ ಸ್ಟೇಜಿಗೊಂದು ಗತ್ತುಂಟಲ್ಲ ಅಂಕಲ್. ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ. ಫೋಟೋದಲ್ಲಿ ಬ್ಯಾಂಡ್ ಅಂದ್ರೆ ಬ್ಯಾಂಡ್ ಅಂತ ಕಾಣ್ತದೆ."

ಇದನ್ನು ಅವನು ಹೊಗಳಿಕೆಯೆಂದೇ ಹೇಳಿದ. ನನ್ನನ್ನು ಅಲಂಕಾರದ ಹೂಕುಂಡ ಎಂದು ನೇರವಾಗಿ ಹೇಳಿದ್ದರೆ ಕೂಡ ಇಷ್ಟು ಉರಿಯುತ್ತಿರಲಿಲ್ಲ. ಊಟದ ನಂತರ ನನ್ನ ಲೈನ್ ಎತ್ತಬೇಕು, ಟ್ರ್ಯಾಕಿನ ಬೇಸ್ ತೆಗೆಯಬೇಕು ಎಂದೆ. ಎಲ್ಲ ವಾದ್ಯಗಳನ್ನೂ ಬೆರೆಸಿ ಒಂದೇ ಮಾಡಿಟ್ಟದ್ದು, ಬೇಸನ್ನು ಮಾತ್ರ ತೆಗೆಯಲಿಕ್ಕಾಗುವುದಿಲ್ಲ ಎಂದ. ಹಾಗಾದರೆ ಟ್ರ್ಯಾಕನ್ನೇ ನಿಲ್ಲಿಸು, ನಾವು ನಾಲ್ವರಿದ್ದೇವಲ್ಲ ಎಂದೆ. ಅವನ ಮುಖ ಬಿಳಿಚಿತು. ಡ್ರಮ್ಮರ್ ಒಪ್ಪಿದರೆ ನೋಡುವ ಎಂದು ಜಾರಿಕೊಂಡ.

ಡ್ರಮ್ಮರ್! ಆಗ ಹೊಳೆಯಿತು. ಹೆಡ್‌ಫೋನಿನಲ್ಲಿ ಬರೀ ಟಿಕ್ ಟಿಕ್ ಅಲ್ಲ, ಇಡೀ ಟ್ರ್ಯಾಕ್ ಕೇಳುತ್ತದೆ. ಆ ಬೇಸನ್ನು ನನ್ನ ಗೆಳೆಯ ಮೊದಲ ದಿನದಿಂದ ಕೇಳಿಸಿಕೊಂಡಿದ್ದಾನೆ. ನಾನು ಅವನ ಕಾಲು ನೋಡಿ ನುಡಿಸುತ್ತಿದ್ದರೆ ಅವನು ಯಂತ್ರದ ಬೇಸಿಗೆ ಕಾಲು ಹಾಕುತ್ತಿದ್ದ.

ಅವನು ಮೂಲೆಯ ಮೇಜಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ. ಗೊತ್ತಿತ್ತಾ ಎಂದು ಕೇಳಿದೆ. ತಲೆ ಎತ್ತಲಿಲ್ಲ.

"ಹೇಳಿದ್ರೆ ನೀನು ಮರುದಿನವೇ ಬಿಟ್ಟು ಹೋಗ್ತಿದ್ದಿ ಮಾರಾಯ. ಮತ್ತೆ ನಾನು ಯಾರೊಟ್ಟಿಗೆ ಬಾರಿಸುದು?"

"ಈಗ ಯಾರೊಟ್ಟಿಗೆ ಬಾರಿಸ್ತಿದ್ದಿ?"

ಹೆಡ್‌ಫೋನ್ ತೆಗೆದಿಟ್ಟು ಬಾರಿಸುವುದಾದರೆ ವೇದಿಕೆಗೆ ಬರುತ್ತೇನೆ, ಇಲ್ಲದಿದ್ದರೆ ನೀನೂ ಆ ಲ್ಯಾಪ್‌ಟಾಪೂ ಬೆಳ್ಳಿಹಬ್ಬ ಮುಗಿಸಿ ಎಂದು ಹೇಳಿ ಫ್ಯೂಸ್ ಹಾಕಲು ಹೋದೆ. ಅರ್ಧ ಕಾರ್ಯಕ್ರಮದಲ್ಲಿ ಬಿಟ್ಟುಹೋದ ಅಭ್ಯಾಸ ನನಗಿಲ್ಲ. ಅಂದು ಹೋಗಲು ಸಿದ್ಧನಾಗಿದ್ದೆ, ಗಿಟಾರಿನ ಪೆಟ್ಟಿಗೆ ತೆರೆದೇ ಇಟ್ಟಿದ್ದೆ.

ಊಟ ಮುಗಿದಾಗ ಗೆಳೆಯ ಬಂದು ಡ್ರಮ್ಸಿನ ಸ್ಟೂಲಿನಲ್ಲಿ ಕೂತ. ಹೆಡ್‌ಫೋನ್ ಕೈಗೆತ್ತಿಕೊಂಡ, ಆಮೇಲೆ ಸಿಂಬಲ್ ತಟ್ಟೆಯ ಸ್ಟ್ಯಾಂಡಿಗೆ ನೇತುಹಾಕಿದ. ಯಜಮಾನನಿಗೆ ಬೇರೆ ದಾರಿಯಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ. ನನ್ನ ಲೈನ್ ಎತ್ತು ಎಂದು ನಾನು ಸೌಂಡಿನವನಿಗೆ ಕೈ ಮಾಡಿದೆ.

ಬೈಲಾ ಎತ್ತಿಕೊಂಡೆವು. ಅದು ಅದ್ಭುತವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಸದ್ದು ಒಮ್ಮೆಗೇ ತೆಳುವಾಯಿತು. ಟ್ರಂಪೆಟ್ ಬರಬೇಕಾದ ಜಾಗದಲ್ಲಿ ಯಜಮಾನ ತಡಕಾಡಿದ, ಎರಡು ಕಡೆ ತಪ್ಪು ಸ್ವರ ಒತ್ತಿದ. ಗೆಳೆಯ ಮೊದಲ ಹಾಡನ್ನು ಓಡಿಸಿದ. ಎರಡನೆಯದರಲ್ಲಿ ನಾನು ತುಸು ಹಿಂದೆ ಎಳೆದೆ, ಅವನ ಕಾಲು ಅದಕ್ಕೆ ಮಣಿಯಿತು. ಎಷ್ಟೋ ಕಾಲದ ನಂತರ ನನ್ನ ಬೆರಳಿನ ಸ್ವರ ಹಾಲಿನ ಹಿಂದಿನ ಗೋಡೆಗೆ ಬಡಿದು ಬರುವುದನ್ನು ಕೇಳಿದೆ. ಬೆಳ್ಳಿಹಬ್ಬದ ಗಂಡಹೆಂಡತಿ ಕುಣಿದರು, ಅವರ ವಯಸ್ಸಿನ ಇನ್ನೂ ಕೆಲವರು ಎದ್ದರು. ಯುವಕರ ಮೇಜು ಎದ್ದುಹೋಯಿತು. ಹೋಗುವ ಮುಂಚೆ ಅವರಲ್ಲೊಬ್ಬ ವೇದಿಕೆಯ ಹತ್ತಿರ ಬಂದು, ಮೊದಲಿನ ಹಾಗೆ ಹಾಕಿ ಅಂಕಲ್, ಈಗ ಪಂಚ್ ಇಲ್ಲ ಎಂದ. ಇದೇ ಇರುವುದು, ಬೇಕಿದ್ದರೆ ಕುಣಿ ಎಂದೆ.

ಸಾಮಾನು ಕಟ್ಟುವಾಗ ಯಜಮಾನ ಮರ್ಯಾದೆಯಿಂದಲೇ ಹೇಳಿದ: ಮುಂದಿನ ಕಾರ್ಯಕ್ರಮಗಳಿಗೆ ಟ್ರ್ಯಾಕ್ ಇರಲೇಬೇಕು. ನಾನೂ ಮರ್ಯಾದೆಯಿಂದ ಹೇಳಿದೆ: ಬಿಳಿ ಕೂದಲಿನ ಇನ್ನೊಬ್ಬರನ್ನು ಹುಡುಕಿಕೊಳ್ಳಿ, ಗಿಟಾರ್ ಹಿಡಿಯಲು ಬಂದರೆ ಸಾಕು.

ಗೆಳೆಯ ಸಿಂಬಲ್ ಬಿಚ್ಚುತ್ತಿದ್ದ. ತಾನೂ ಬಿಡುತ್ತೇನೆಂದು ಅವನು ಹೇಳಬಹುದೆಂದು ನಾನು ಕೇಬಲನ್ನು ಬೇಕೆಂದೇ ನಿಧಾನವಾಗಿ ಸುತ್ತಿದೆ. ತನ್ನ ಡ್ರಮ್ಸೆಲ್ಲ ಯಜಮಾನನ ವ್ಯಾನಿನಲ್ಲೇ ಹೋಗಬೇಕಲ್ಲ ಎಂದಷ್ಟೇ ಗೊಣಗಿದ. ನಾನು ರಿಕ್ಷಾ ಕರೆದೆ. ಆಂಪ್ಲಿಫೈಯರನ್ನು ಒಬ್ಬನೇ ಎತ್ತಲು ಹೊರಟಾಗ ಅವನು ಓಡಿ ಬಂದು ಇನ್ನೊಂದು ಬದಿ ಹಿಡಿದ. ಇಬ್ಬರೂ ಅದನ್ನು ಸೀಟಿನ ಮೇಲೆ ಕೂರಿಸಿದೆವು. ನಾನು ಧನ್ಯವಾದ ಹೇಳಲಿಲ್ಲ. ಜೆಪ್ಪುವಿಗೆ ಬಿಡು ಎಂದು ರಿಕ್ಷಾದವನಿಗೆ ಹೇಳಿದೆ.